ಕುಂತುಣ್ಣುವ ಭಾಗ್ಯ

ಮೊನ್ನೆ ಬೆಳಿಗ್ಗೆ ನಿಮ್ಮಲ್ಲಿ ಸಣ್ಣಾಕೆ ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿ ಕೆಡವಿದಳು. ಒಂದು ಹಿಡಿ ಹಿಟ್ಟು ಉರಿಯುವ ಗ್ಯಾಸಿನ ಮೇಲೆ ಬಿತ್ತು. ಸೀದ ಹಿಟ್ಟಿನ ವಾಸನೆ ಮನೆಯೆಲ್ಲ ಹರಡಿತು. ನಿಮ್ಮ ಅವ್ವ ಕಿಟಕಿ ತೆರೆದಳು, ಫ್ಯಾನು ಹಾಕಿದಳು. ನಾನು ಪಡಸಾಲೆಯಲ್ಲಿ ಕುಳಿತಲ್ಲೇ ಆ ವಾಸನೆ ಹೋಗುವ ಮೊದಲು ಆದಷ್ಟು ಎಳೆದುಕೊಂಡೆ. “ಅಜ್ಜಿ, ಯಾಕ ಅಳಾಕತ್ತೀ?” ಎಂದು ಸಣ್ಣಾಕೆ ಬಂದು ಕೇಳಿದಳು. ಹೊಗೆ ಅಂದೆ. ಹೊಗೆ ಎಲ್ಲಿತ್ತು...

ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ. ನಾಲ್ಕು ಮಂದಿ ಮುಖ ನೋಡಿದರೆ ಮಾತು ಗಂಟಲಲ್ಲೇ ನಿಲ್ಲುತ್ತದೆ. ತವರೂರು ವಳಕಮದಿನ್ನಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೇ ನಿಮ್ಮ ಹಳೆಯ ನೋಟುಪುಸ್ತಕದಲ್ಲಿ ಉಳಿದ ಹಾಳೆಗಳ ಮೇಲೆ ಬರೆಯುತ್ತಿದ್ದೇನೆ.

ನಾನು ಮದುವೆಯಾಗಿ ಮಸ್ಕಿಗೆ ಬಂದಾಗ ನಮ್ಮ ಮನೆಯ ಎದುರಿಗೆ ಒಂದು ಖಾನಾವಳಿ ಇತ್ತು. ತಗಡಿನ ಮಾಡು, ಎರಡು ಬೆಂಚು, ಎರಡು ಒಲೆ. ಅದನ್ನು ನಡೆಸುತ್ತಿದ್ದಾಕೆಯನ್ನು ಊರೆಲ್ಲ ದೊಡ್ಡಮ್ಮ ಎನ್ನುತ್ತಿತ್ತು. ಗಂಡ ಬೇಗ ತೀರಿದ್ದ. ಒಬ್ಬನೇ ಮಗ. ಗಂಡ ಬಿಟ್ಟುಹೋದ ಆಸ್ತಿ ಎಂದರೆ ಸಿಂಧನೂರು ರಸ್ತೆಯ ಪಕ್ಕ ಒಂದು ತುಂಡು ಮಡ್ಡಿ ಹೊಲ. ಕಲ್ಲು, ಜಾಲಿ ಬಿಟ್ಟರೆ ಅಲ್ಲಿ ಏನೂ ಬೆಳೆಯುತ್ತಿರಲಿಲ್ಲ.

ಲಿಂಗಸುಗೂರಿನಿಂದ ಬರುವ ಬಸ್ಸಿನ ಡ್ರೈವರುಗಳು ಊರು ಸೇರುವ ತಿರುವಿನಲ್ಲೇ ಹಾರ್ನ್ ಹೊಡೆಯುತ್ತಿದ್ದರು. ಎರಡು ಸಲ ಹೊಡೆದರೆ ಇಬ್ಬರಿಗೆ ಊಟ, ಮೂರು ಸಲ ಹೊಡೆದರೆ ಮೂವರಿಗೆ. ಬಸ್ಸು ನಿಂತು ಅವರು ಕೈಕಾಲು ತೊಳೆಯುವಷ್ಟರಲ್ಲಿ ಹಂಚಿನ ಮೇಲೆ ರೊಟ್ಟಿ ಉಬ್ಬಿರುತ್ತಿತ್ತು. ಹಲ್ಲಿಲ್ಲದ ಮುದುಕರಿಗೆ ಅರಿವೆಯಂತೆ ಮೆತ್ತಗೆ, ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಮುಗಿಸಿ ಊರಿಗೆ ಹೊರಟವರಿಗೆ ದಪ್ಪಗೆ. ಯಾರ ರೊಟ್ಟಿ ಹೇಗಿರಬೇಕೆಂದು ದೊಡ್ಡಮ್ಮನ ಅಂಗೈಗೆ ಗೊತ್ತಿತ್ತು. ಜೊತೆಗೆ ಪುಂಡಿಪಲ್ಯ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ.

“ದೊಡ್ಡಮ್ಮಾ, ಇದು ರೊಟ್ಟಿನೋ, ಹುಣ್ಣಿವಿ ಚಂದಪ್ಪನೋ?” ಎಂದು ಒಬ್ಬ ಡ್ರೈವರ್ ದಿನಾ ಕೇಳುತ್ತಿದ್ದ.

“ಜಲ್ದಿ ತಿನ್ನಲೇ. ಗ್ರಹಣ ಹಿಡದೀತು.”

“ಸಾಕು ದೊಡ್ಡಮ್ಮಾ, ಇನ್ನ ಬ್ಯಾಡ.”

“ಸಾಕು ಅನ್ನೋದು ನಿನ್ನ ಬಾಯಿ. ಹೊಟ್ಟಿ ಬ್ಯಾರೇನ ಹೇಳಾಕತ್ತೈತಿ.” ಮಾತು ಮುಗಿಯುವ ಮೊದಲೇ ತಟ್ಟೆಗೆ ಇನ್ನೊಂದು ಬಿದ್ದಿರುತ್ತಿತ್ತು.

ನಿಮ್ಮ ಅಜ್ಜ ಭತ್ತದ ಗಿರಣಿಯಲ್ಲಿ ತೂಕ ನೋಡುತ್ತಿದ್ದರು. ನಿಮ್ಮ ಅಪ್ಪ ಇನ್ನೂ ಶಾಲೆಗೆ ಸೇರಿರಲಿಲ್ಲ, ಅಷ್ಟರಲ್ಲೇ ಅಜ್ಜ ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟರು. ಕರ್ಮದ ದಿನಗಳು ಮುಗಿದವು, ನೆಂಟರು ಹೋದರು. ನಾನು ಗೋಡೆಗೆ ಮುಖ ಮಾಡಿ ಮಲಗಿದವಳು ಏಳಲಿಲ್ಲ. ಬಂದವರೆಲ್ಲ ಸಮಾಧಾನ ಹೇಳಿದ್ದರು. ದೊಡ್ಡಮ್ಮ ಸಮಾಧಾನ ಹೇಳಲಿಲ್ಲ. ಬಾಗಿಲಲ್ಲಿ ನಿಂತು, “ಏಳ ಬೇ. ಮಣಿಕಟ್ಟು ನೋಯಾಕತ್ತೈತಿ, ಹಿಟ್ಟು ನಾದಾಕ ಆಗವಲ್ದು. ಬಾ, ಕೈ ಹಚ್ಚು” ಎಂದಳು. ಆಕೆಯ ಮಣಿಕಟ್ಟಿಗೆ ಏನೂ ಆಗಿರಲಿಲ್ಲ. ಅದು ನನಗೆ ತಿಳಿದದ್ದು ವರ್ಷಗಳ ಮೇಲೆ.

ಹಾಗೆ ಆ ಒಲೆಯ ಮುಂದೆ ಕುಳಿತೆ. ಮೊದಲ ವಾರವೇ ಊಟಕ್ಕೆ ಬಂದವನೊಬ್ಬ ಮುಖ ಸಿಂಡರಿಸಿ, “ಮೊನ್ನೆ ಗಂಡ ಸತ್ತಾಕೀನ ಮುಂದ ಕುಂಡ್ರಿಸೀಯಲ್ಲ ದೊಡ್ಡಮ್ಮಾ” ಎಂದ. ನಾನು ಏಳಲು ಹೋದೆ. ದೊಡ್ಡಮ್ಮ ನನ್ನ ಸೆರಗು ಹಿಡಿದು ಎಳೆದು ಕೂಡಿಸಿ, “ರೊಟ್ಟಿ ಮುಖ ನೋಡಿ ಉಣ್ಣೋ. ಬಡದಾಕಿ ಮುಖ ಕಟಗೊಂಡು ನಿನಗೇನಾಗಬೇಕಾಗೈತಿ?” ಎಂದಳು. ಬೆಂಚಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಿಮ್ಮ ಅಜ್ಜ ಹೋದ ಮೇಲೆ ನಾನು ಮೊದಲ ಸಲ ನಕ್ಕದ್ದು ಆಗಲೇ ಇರಬೇಕು...

ಆ ದಿನಗಳನ್ನು ನಾನು ಹೊಗಳುತ್ತಿಲ್ಲ ಮಕ್ಕಳಾ. ಬಡತನದಲ್ಲಿ ಸುಖವಿತ್ತು ಎನ್ನುವವರು ಬಡತನ ಕಂಡವರಲ್ಲ. ದೊಡ್ಡಮ್ಮನ ಮುಂಗೈಯೆಲ್ಲ ಹಂಚು ತಾಗಿದ ಕಲೆ. ಬೇಸಿಗೆಯಲ್ಲಿ ತಗಡಿನ ಕೆಳಗೆ ಎರಡು ಒಲೆಗಳ ಮುಂದೆ ಕುಳಿತರೆ ತಲೆ ತಿರುಗುತ್ತಿತ್ತು. ಹೊಗೆಯಿಂದ ಕೆಮ್ಮು ಬಿಡುತ್ತಿರಲಿಲ್ಲ. ಆಕೆಯೇ ಎಷ್ಟೋ ಸಲ, “ಸಾಕಾಗೈತಿ ಶಿವನೇ, ಒಂದಿನಾನಾದ್ರೂ ಕುಂತು ಉಣ್ಣೋಂಗ ಮಾಡು” ಎಂದು ಬೇಡಿಕೊಂಡಿದ್ದಳು. ಕೂಸು ಎತ್ತಿಕೊಂಡು ಬಂದ ತಾಯಂದಿರಿಗೆ ಆಕೆ ಮಾಡುತ್ತಿದ್ದ ಆಶೀರ್ವಾದವೂ ಅದೇ: “ನಿನ್ನ ಮಗ ನಿನ್ನ ಕುಂಡ್ರಿಸಿ ಉಣಸ್ಲಿ.” ನಮ್ಮ ಕಡೆ ಇದಕ್ಕಿಂತ ದೊಡ್ಡ ಆಶೀರ್ವಾದವಿಲ್ಲ.

ದೊಡ್ಡಮ್ಮನ ಮಗ ಶಾಲೆಯಲ್ಲಿ “ರೊಟ್ಟಿ ಬಡ್ಯಾಕಿ ಮಗ” ಎಂದು ಅನ್ನಿಸಿಕೊಂಡು ಬೆಳೆದವನು. ಎಷ್ಟೋ ಸಲ ಒಲೆಯ ಮುಂದೆ ಬಂದು ನಿಂತು, “ಅವ್ವ, ಒಂದಿನ ನಿನ್ನ ಕೈಗೆ ಹಿಟ್ಟು ತಾಗದಂಗ ಮಾಡ್ತೀನಿ, ನೋಡ್ತಿರು” ಎನ್ನುತ್ತಿದ್ದ. ನಮಗೆ ಕಣ್ಣು ತುಂಬುತ್ತಿತ್ತು. ಅದು ಶಾಪವಾದೀತೆಂದು ಯಾರಿಗೆ ಹೊಳೆದೀತು?

ಊರು ಬೆಳೆಯಿತು. ಮಸ್ಕಿ ತಾಲೂಕಾಗುತ್ತದೆ ಎಂಬ ಮಾತು ಎದ್ದಿತು. ಸಿಂಧನೂರು ರಸ್ತೆಯ ಆ ಮಡ್ಡಿ ಹೊಲಕ್ಕೆ ಕಾರುಗಳು ಬಂದು ನಿಲ್ಲತೊಡಗಿದವು. ಮಗ ಅಲ್ಲಿ ಪ್ಲಾಟು ಹಾಕಿ ಮಾರಿದ. ನಾವು ಕನಸಿನಲ್ಲೂ ಕಾಣದಷ್ಟು ರೊಕ್ಕ ಬಂತು. ಅವನು ಕುಡಿಯಲಿಲ್ಲ, ಇಸ್ಪೀಟು ಆಡಲಿಲ್ಲ. ಮೊದಲು ಮಾಡಿದ್ದೇ ತಾಯಿಗೆ ಕೊಟ್ಟ ಮಾತು ನಡೆಸಿದ್ದು. ಒಂದು ಸೋಮವಾರ ಓಣಿಯವರನ್ನೆಲ್ಲ ಕರೆದು ಊಟ ಹಾಕಿಸಿದ. ಅಡುಗೆಯವರು ಸಿಂಧನೂರಿನಿಂದ ಬಂದಿದ್ದರು. ದೊಡ್ಡಮ್ಮನನ್ನು ಖುರ್ಚಿಯ ಮೇಲೆ ಕೂಡಿಸಿ, ಶಾಲು ಹೊದಿಸಿ, ಕಾಲಿಗೆ ಬಿದ್ದ. ಆಕೆ ಬಡಿಸಲು ಏಳುವುದು, ಮಗ ಭುಜ ಹಿಡಿದು ಕೂಡಿಸುವುದು... ನೋಡಿದವರೆಲ್ಲ “ಪುಣ್ಯವಂತಿ” ಎಂದರು. ನಾನೂ ಅಂದೆ. ಮರುದಿನ ಒಲೆ ಕಿತ್ತರು.

ಖಾನಾವಳಿ ಇದ್ದಲ್ಲಿ ಕಟ್ಟಡ ಎದ್ದಿತು. ಕೆಳಗೆ ಅಂಗಡಿಗಳು, ಮೇಲೆ ಮನೆ. ಮನೆಗೊಬ್ಬ ಅಡುಗೆಯಾಕೆ ಬಂದಳು. “ಅವ್ವನ ಕೈಗೆ ಕೆಲಸ ಹಚ್ಚಿದ್ರ ಅವತ್ತ ನಿನ್ನ ಬಿಡಸ್ತೀನಿ ನೋಡು” ಎಂದು ಮಗ ಅವಳಿಗೆ ತಾಕೀತು ಮಾಡಿದ್ದ. ಪಾಪ, ಅವಳು ದೊಡ್ಡಮ್ಮ ಅಡುಗೆಮನೆಯ ಬಾಗಿಲಿಗೆ ಬಂದರೂ ಹೆದರುತ್ತಿದ್ದಳು. ನಾನು ಶಾಲೆಯ ಬಿಸಿಯೂಟದ ಅಡುಗೆಗೆ ಸೇರಿಕೊಂಡೆ. ನಿಮ್ಮ ಅಪ್ಪನಿಗೆ ಆ ಮಗನೇ ತನ್ನ ಪ್ಲಾಟಿನ ಆಫೀಸಿನಲ್ಲಿ ಕೆಲಸ ಕೊಟ್ಟ. ಇದನ್ನು ನೆನಪಿನಲ್ಲಿಡಿ. ಮುಂದೆ ನಾನು ಮಾಡಿದ ತಪ್ಪಿನಲ್ಲಿ ಇದರದ್ದೂ ಪಾಲಿದೆ.

ಡ್ರೈವರುಗಳಿಗೆ ರೂಢಿ ಬಿಡಲಿಲ್ಲ. ಕಟ್ಟಡ ಎದ್ದ ಮೇಲೂ ತಿರುವಿನಲ್ಲಿ ಹಾರ್ನ್ ಹೊಡೆಯುತ್ತಲೇ ಇದ್ದರು. ಒಂದು ದಿನ ನಾನು ಮೇಲಿನ ಮನೆಗೆ ಹೋಗಿದ್ದಾಗ ಹಾರ್ನ್ ಕೇಳಿಸಿತು, ಎರಡು ಸಲ. ದೊಡ್ಡಮ್ಮ ಖುರ್ಚಿಯ ತೋಳಿಗೆ ಕೈಯೂರಿ ಅರ್ಧ ಎದ್ದಳು. ಎದ್ದವಳು ಸುತ್ತ ನೋಡಿ ಮತ್ತೆ ಕುಳಿತಳು. ನಾನು ನೋಡಿದೆನೆಂದು ತಿಳಿದು ನಕ್ಕು, “ಮೊದಲ ಹಸಿವಿತ್ತು, ಉಣ್ಣಾಕ ಪುರಸೊತ್ತಿರಲಿಲ್ಲ. ಈಗ ಪುರಸೊತ್ತಿಗೆ ಏನೂ ಕಡಿಮಿಲ್ಲ. ಹಸಿವ ಬರವಲ್ದು ಬೇ” ಎಂದಳು. ನಾನು ಏನಾದರೂ ಅನ್ನಬೇಕಿತ್ತು. ಔಷಧಿ ತಗೋರಿ ಅಂದೆ.

‘ತಗೋರಿ’ ಅಂದೆ. ಅದಕ್ಕೂ ಮೊದಲು ನಾನು ಆಕೆಗೆ ಎಂದೂ ‘ರೀ’ ಹಚ್ಚಿದವಳಲ್ಲ. “ದೊಡ್ಡಮ್ಮಾ ನೀ ಅತ್ತಾಗ ಸರಿ, ನಾ ನಾದ್ತೀನಿ” ಅನ್ನುತ್ತಿದ್ದವಳು. ಆ ಮನೆಯ ಮೆಟ್ಟಿಲು ಹತ್ತುವಾಗ ನನ್ನ ನಾಲಿಗೆಗೆ ಆ ‘ರೀ’ ಯಾವಾಗ ಅಂಟಿತೋ...

ಒಂದು ಮಧ್ಯಾಹ್ನ ಆಕೆಯೇ ನಮ್ಮ ಮನೆಗೆ ಬಂದಳು. ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಇಳಿದು, ರಸ್ತೆ ದಾಟಿ, ಒಬ್ಬಳೇ. ನಾನು ರೊಟ್ಟಿ ಬಡಿಯುತ್ತಿದ್ದೆ. ಗಡಬಡಿಸಿ ಎದ್ದು, ಪ್ಲಾಸ್ಟಿಕ್ ಖುರ್ಚಿ ತಂದು ಸೆರಗಿನಿಂದ ಒರೆಸಿದೆ.

“ಬರ್ರಿ ದೊಡ್ಡಮ್ಮಾ, ಕುಂದರ್ರಿ.”

ಆಕೆ ಖುರ್ಚಿಯತ್ತ ನೋಡಲಿಲ್ಲ. ಪರಾತದಲ್ಲಿದ್ದ ಹಿಟ್ಟು ನೋಡಿದಳು. “ಯಾರಿಗೆ ರೀ ಅನ್ನಾಕತ್ತೀ ಬೇ? ಸರಿ ಅತ್ತಾಗ. ಒಂದೆರಡು ನಾ ಬಡೀತೀನಿ.”

ಆಕೆ ಬಗ್ಗಿ ಹಿಟ್ಟಿಗೆ ಕೈ ಹಾಕಲು ಹೋದಳು. ನಾನು ಆ ಕೈ ಹಿಡಿದುಬಿಟ್ಟೆ.

“ಬ್ಯಾಡ್ರಿ ದೊಡ್ಡಮ್ಮಾ. ನಿಮ್ಮ ಕೈಲೆ ಮಾಡಿಸಿಕೊಂಡ್ರ ಮಂದಿ ಏನಂದಾರು? ನಿಮ್ಮ ಮಗಗ ಗೊತ್ತಾದ್ರ?”

“ಅವಗ ಯಾರು ಹೇಳ್ತಾರ?”

“ಬ್ಯಾಡ್ರಿ. ನೀವು ಕುಂದರ್ರಿ, ಬಿಸೀದೊಂದು ಉಣ್ರಿ.”

ಹಿಡಿದ ಕೈ ನನ್ನ ಕೈಯೊಳಗೆ ಮೆತ್ತಗಿತ್ತು. ಅಂಗೈಯ ಗಡಸು ಹೋಗಿತ್ತು. ಆಕೆ ಕೈ ಬಿಡಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಹೋಗಿ ಖುರ್ಚಿಯಲ್ಲಿ ಕುಳಿತಳು. ರೊಟ್ಟಿಯ ಅಂಚು ಚೂರು ಮುರಿದು ಬಾಯಿಗೆ ಹಾಕಿಕೊಂಡು, “ಛಲೋ ಆಗ್ಯಾವ” ಎಂದಳು. ಉಳಿದದ್ದು ತಟ್ಟೆಯಲ್ಲೇ ಇತ್ತು. ಮತ್ತೆಂದೂ ನಮ್ಮ ಮನೆಗೆ ಬರಲಿಲ್ಲ.

ನಾನು ಮರ್ಯಾದೆ ಕೊಟ್ಟೆ ಅಂದುಕೊಂಡಿದ್ದೆ. ಮರ್ಯಾದೆಯೂ ಇತ್ತು, ಹೆದರಿಕೆಯೂ ಇತ್ತು. ಮಗನಿಗೆ ತಿಳಿದು ನಿಮ್ಮ ಅಪ್ಪನ ಕೆಲಸಕ್ಕೆ ಕುತ್ತು ಬಂದರೆ ಎಂದು ಎದೆಯ ಮೂಲೆಯಲ್ಲಿ ಲೆಕ್ಕ ಹಾಕಿದೆ. ಸುಳ್ಳು ಬರೆಯುವುದಿಲ್ಲ. ನಾನು ಗೋಡೆಗೆ ಮುಖ ಮಾಡಿ ಮಲಗಿದ್ದಾಗ ಆಕೆ ಇಲ್ಲದ ನೋವು ಹೇಳಿ ನನ್ನ ಕೈಗೆ ಹಿಟ್ಟು ಕೊಟ್ಟಳು. ಆಕೆ ಹಿಟ್ಟು ಕೇಳಿಕೊಂಡು ಬಂದಾಗ ನಾನು ಖುರ್ಚಿ ಕೊಟ್ಟೆ.

ಕೆಲವೇ ತಿಂಗಳಿಗೆ ಆಕೆ ಹಾಸಿಗೆ ಹಿಡಿದಳು ಎಂದು ತಿಳಿಯಿತು. ಲಿಂಗಸುಗೂರಿನ ದವಾಖಾನೆಗೆ ತೋರಿಸಿದರಂತೆ, ರಾಯಚೂರಿಗೂ ಒಯ್ದರಂತೆ. ಏನೂ ರೋಗವಿಲ್ಲ, ಚೆನ್ನಾಗಿ ಉಣ್ಣಬೇಕು ಅಂದರಂತೆ. ನಾನು ಒಂದು ಡಬ್ಬಿಯಲ್ಲಿ ಹಿಟ್ಟು ನಾದಿಕೊಂಡು, ಸೆರಗಿನಲ್ಲಿ ಮುಚ್ಚಿಕೊಂಡು ಹೊರಟೆ. ಹಾಸಿಗೆಯಲ್ಲೇ ಕುಳಿತು ಒಂದನ್ನಾದರೂ ತಟ್ಟಲಿ, ಬೇಯದಿದ್ದರೂ ಚಿಂತೆಯಿಲ್ಲ ಎಂದು. ಮೆಟ್ಟಿಲ ಬುಡದಲ್ಲಿ ಮಗ ನಿಂತಿದ್ದ. “ಬಾ ಅಕ್ಕಾ. ಏನದು ಕೈಯಾಗ?” ಎಂದ. ಪ್ರೀತಿಯಿಂದಲೇ ಕೇಳಿದ. ನಾನು ಸೆರಗು ಇನ್ನಷ್ಟು ಎಳೆದುಕೊಂಡೆ. “ಏನಿಲ್ಲಪಾ” ಅಂದೆ.

ಮೇಲೆ ಹೋದೆ. ಆಕೆ ಕಣ್ಣು ಮುಚ್ಚಿ ಮಲಗಿದ್ದಳು. ಬಲಗೈ ಗಾದಿಯ ಮೇಲೆ ತಟ್ಟುತ್ತಿತ್ತು, ನಿಧಾನ. ಎರಡು ಸಲ ತಟ್ಟುವುದು, ಸ್ವಲ್ಪ ತಿರುಗಿಸುವುದು, ಮತ್ತೆ ತಟ್ಟುವುದು. “ಹಂಗ ಕೈ ಬಡೀತಿರ್ತಾರ, ಯಾಕೋ ಏನೋ” ಎಂದಳು ಅಡುಗೆಯಾಕೆ. ಮಗ ನನ್ನ ಹಿಂದೆಯೇ ಬಂದು ನಿಂತಿದ್ದ. ಡಬ್ಬಿಯ ಮುಚ್ಚಳ ತೆಗೆಯುವುದು ನನ್ನಿಂದ ಆಗಲಿಲ್ಲ. ಸ್ವಲ್ಪ ಹೊತ್ತು ಕುಳಿತು ಎದ್ದುಬಂದೆ. ಆ ವಾರವೇ ಆಕೆ ಹೋದಳು.

ಮಣ್ಣು ಮಾಡಿ ಬಂದ ಮೇಲೆ ಮಗ ನನ್ನ ಮುಂದೆ ಕುಳಿತು ಕೂಸಿನಂತೆ ಅತ್ತ. “ಅವ್ವಗ ನಾ ಏನ್ ಕಡಿಮಿ ಮಾಡಿದ್ನಕ್ಕಾ? ನೀ ಹೇಳು, ಏನ್ ಕಡಿಮಿ ಮಾಡಿದ್ದೆ?” ಎಂದ. ಅವನು ಏನೂ ಕಡಿಮೆ ಮಾಡಿರಲಿಲ್ಲ. ತಾಯಿಯ ಆಶೀರ್ವಾದವನ್ನು ಅಕ್ಷರ ಬಿಡದೆ ನಡೆಸಿದ್ದ. ಅವನ ತಾಯಿ ಬೇಡುತ್ತಿದ್ದದ್ದು ದಣಿವಾರಿಸಿಕೊಳ್ಳಲು ಒಂದು ದಿನ. ನಾವೆಲ್ಲ ಸೇರಿ ಉಳಿದ ಆಯುಷ್ಯವನ್ನೇ ಕೂಡಿಸಿಬಿಟ್ಟೆವು. ಇದು ನನಗೆ ಅಂದೂ ಗೊತ್ತಿತ್ತು. “ಏನೂ ಇಲ್ಲಪಾ, ಎಲ್ಲಾ ಮಾಡೀದಿ” ಎಂದೆ.

ಇದೆಲ್ಲ ಆಗಿ ಬಹಳ ವರ್ಷವಾಯಿತು. ನಿಮ್ಮ ಅಪ್ಪ ಈಗ ಸಿಂಧನೂರಿನಲ್ಲಿ ಸ್ವಂತ ವ್ಯವಹಾರ ಮಾಡುತ್ತಾನೆ, ನಾವು ಇಲ್ಲಿಗೆ ಬಂದಿದ್ದೇವೆ. ಮನೆಯಲ್ಲಿ ಯಾವುದಕ್ಕೂ ಕೊರತೆಯಿಲ್ಲ. ರೊಟ್ಟಿ ಅಂಗಡಿಯಿಂದ ಪಾಕೀಟಿನಲ್ಲಿ ಬರುತ್ತದೆ, ಮನೆಯ ಹಿಟ್ಟು ಅಂಬಲಿಗಷ್ಟೇ. ನೀವು ಒಳ್ಳೆಯ ಮಕ್ಕಳು. ನನ್ನ ಕೈಯಿಂದ ಕಸಬರಿಗೆ ಕಸಿದುಕೊಳ್ಳುತ್ತೀರಿ, ನೀರಿನ ಲೋಟವನ್ನೂ ನೀವೇ ತಂದುಕೊಡುತ್ತೀರಿ. ಊರಿನ ಹೆಂಗಸರು ಬಂದರೆ ನನ್ನನ್ನು ಪುಣ್ಯವಂತಿ ಎನ್ನುತ್ತಾರೆ.

ನಿನ್ನೆ ಬೆಳಿಗ್ಗೆ ನೀವು ಶಾಲೆಗೆ ಹೋದ ಮೇಲೆ ಡಬ್ಬಿಯಲ್ಲಿ ಉಳಿದ ಹಿಟ್ಟು ತೆಗೆದು ನಾದಿದೆ. ಉಂಡೆ ಮಾಡಿ ತಟ್ಟಿದೆ. ಅಂಗೈ ಅಗಲಕ್ಕೆ ಬರುವಷ್ಟರಲ್ಲಿ ಅಂಚು ಒಡೆಯಿತು. ಮತ್ತೆ ಕೂಡಿಸಿ ತಟ್ಟಿದೆ, ಮತ್ತೆ ಒಡೆಯಿತು. ನಲವತ್ತು ವರ್ಷ ಮಾಡಿದ ಕೆಲಸ. ಕೈ ಮರೆತಿತ್ತು. ಸದ್ದು ಕೇಳಿ ನಿಮ್ಮ ಅವ್ವ ಓಡಿಬಂದಳು. “ಅತ್ತೀ, ನಿಮಗ್ಯಾಕ ಈ ತ್ರಾಸು? ನಾವೇನು ಸತ್ತೀವೇನು? ಕುಂದರ್ರಿ ನೀವು” ಎಂದು ನಗುತ್ತ ಪರಾತ ಎತ್ತಿಕೊಂಡಳು.

ಬಿಡು ಬೇ, ಇನ್ನೊಂದು ಸಲ ನೋಡ್ತೀನಿ... ಅಷ್ಟು ಹೇಳಿದ್ದರೆ ಸಾಕಿತ್ತು. ಸೊಸೆ ಬೇಡ ಅನ್ನುವವಳಲ್ಲ. ಮಾತು ಬಾಯಿಯವರೆಗೂ ಬಂತು.

ಕೈ ತೊಳೆದುಕೊಂಡು ಬಂದು ಕುಳಿತೆ.