ಅಂಬಲಿಗೆ ಬೆರೆಸಿದ ಮೀನಿನ ಪುಡಿ

ನನ್ನ ಹೆಂಡತಿ ಹುಟ್ಟಿದಾಗಿನಿಂದ ಮೀನು ಮುಟ್ಟಿದವಳಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ಗುಟುಕು ನೀರೂ ಕುಡಿಯುವುದಿಲ್ಲ. ಅಂಥವಳಿಗೆ ನಾನು ಮೀನಿನ ಕಸ ಕುಡಿಸಿದೆ. ಇದನ್ನು ಮೆತ್ತಗೆ ಹೇಳಲು ನನಗೆ ಇಷ್ಟವಿಲ್ಲ.

ಹೋದ ವರ್ಷ ಅವಳಿಗೆ ಸ್ತನದ ಕ್ಯಾನ್ಸರ್ ಎಂದು ಗೊತ್ತಾಗಿ ದಾವಣಗೆರೆಯಲ್ಲೇ ಕಿಮೋ ಶುರುವಾಯಿತು. ಆಗಲೇ ಪರಿಚಯದವನೊಬ್ಬ ಫೋನಿಗೆ ಒಂದು ಸುದ್ದಿ ಕಳಿಸಿದ. ಬಿಸಾಡುವ ಮೀನಿನ ಚರ್ಮ, ಹುರುಪೆಗಳಲ್ಲಿ ಕ್ಯಾನ್ಸರ್ ಕೊಲ್ಲುವ ಅಂಶ ಇದೆಯಂತೆ. ಎಸ್ಸೆಸ್ಸೆಲ್ಸಿ ಓದಿದವನೆಂಬ ಸೊಕ್ಕು ನನಗೆ. ತಲೆಬರಹ ಓದಿದೆ, ಕೆಳಗಿನದನ್ನು ಓದಲಿಲ್ಲ.

ನಿಟ್ಟುವಳ್ಳಿಯ ನಮ್ಮ ಓಣಿಯವರು ಕಂಡಾರೆಂದು ಬಸ್ ಹತ್ತಿ ಹರಿಹರಕ್ಕೆ ಹೋಗುತ್ತಿದ್ದೆ. ಅಲ್ಲಿ ಮೀನು ಮಾರುವ ಹೆಂಗಸೊಬ್ಬಳು ನನಗೆಂದು ಹುರುಪೆ, ಚರ್ಮವನ್ನು ತೊಳೆದು ಬಿಸಿಲಿಗೆ ಒಣಗಿಸಿ ಇಟ್ಟಿರುತ್ತಿದ್ದಳು.

“ಹಣೆ ತುಂಬ ಈಬತ್ತಿ, ಕೈಯಾಗ ಮೀನಿನ ಚೀಲ! ಯಾರಿಗ್ರಿ ಯಜಮಾನ್ರ?”

“ಬೆಕ್ಕಿಗವ್ವ.”

“ಪುಣ್ಯ ಮಾಡೈತೆ ಬಿಡ್ರಿ ನಿಮ್ಮ ಬೆಕ್ಕು!”

ನಾನೂ ನಕ್ಕೆ. ಆ ನಗು ನೆನೆದರೆ ಕೆನ್ನೆಗೆ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಹೆಂಡತಿ ಮಲಗಿದಾಗ ಮಿಕ್ಸಿಯಲ್ಲಿ ಪುಡಿ ಮಾಡಿ, ರಾಗಿ ಅಂಬಲಿಗೆ ಬೆರೆಸುತ್ತಿದ್ದೆ. ಪೂಜೆ ಮುಗಿಸಿ ಬಂದವಳು ಲೋಟ ಮೂಗಿನ ಹತ್ತಿರ ತಂದು ಮುಖ ತಿರುಗಿಸುತ್ತಿದ್ದಳು.

“ಏನೋ ನಾತ ಬರ್ತೈತ್ರಿ.”

“ಕಿಮೋಕ್ಕೆ ನಿನ್ನ ಮೂಗು ಕೆಟ್ಟೈತೆ. ಸುಮ್ನ ಕುಡಿ” ಎಂದು ಗದರುತ್ತಿದ್ದೆ.

ಕುಡಿಯುತ್ತಿದ್ದಳು, ಕಾರಿಕೊಳ್ಳುತ್ತಿದ್ದಳು. ಬರಬರುತ್ತ ಯಾವ ಊಟವೂ ಸೇರದಾಯಿತು. ಮೈ ಇಳಿದು ಹೋಯಿತು. ಡಾಕ್ಟರು ಮುಂದಿನ ಕಿಮೋ ಮುಂದಕ್ಕೆ ಹಾಕಿದರು.

“ಮನೆ ಔಷಧಿ ಏನಾದರೂ ಕೊಡ್ತಿದ್ದೀರಾ?” ಎಂದು ನನ್ನನ್ನೇ ಕೇಳಿದರು. ನಾನು ಫೈಲಿನ ಹಾಳೆ ತಿರುವಿದೆ. ಅವಳೇ ಹೇಳಿದಳು: “ಏನಿಲ್ರಿ ಸಾರ್. ಇವ್ರು ಪಾಪ ದಿನಾ ಅಂಬ್ಲಿ ಕಾಸಿ ಕೊಡ್ತಾರ್ರಿ. ಹಾಳಾದ ನನ್ನ ಮೂಗು, ಅದ್ರಾಗೂ ನಾತ ಹುಡುಕ್ತೈತೆ.”

ಆ ‘ಪಾಪ’ ಕೇಳಿದ ಮೇಲೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ.

ಡಾಕ್ಟರು ಸಿಟ್ಟಿನಿಂದ ಪೆನ್ನು ಮೇಜಿನ ಮೇಲೆ ಎಸೆದರು. “ಸುದ್ದಿ ಸುಳ್ಳಲ್ಲ ರೀ. ಲ್ಯಾಬಲ್ಲಿ ಮೀನಿನ ಚರ್ಮದಿಂದ ಒಂದೊಂದೇ ಅಂಶ ಬೇರೆ ಮಾಡಿ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ ನೋಡ್ತಾರೆ. ಅದು ಔಷಧಿ ಆಗೋದು ಇನ್ನೂ ಎಷ್ಟೋ ದೂರ. ಇವರು ಗಾಜಿನ ತಟ್ಟೆನಾ?”

ಅವಳು ನನ್ನ ಕಡೆ ತಿರುಗಿದಳು. “ಲಿಂಗ ಹಿಡಿದ ಕೈಯಾಗ ಆ ಲೋಟ ಹಿಡಿಸಿದ್ರಲ್ರಿ. ಒಂದು ಮಾತು ಕೇಳಿದ್ರ ಏನಾಗ್ತಿತ್ತು?”

ಕೇಳಿದ್ದರೆ ಬ್ಯಾಡ ಅನ್ನುತ್ತಿದ್ದಳು. ಅದಕ್ಕೇ ಕೇಳಿರಲಿಲ್ಲ. ಸುದ್ದಿ ಕಳಿಸಿದವನ ಮೇಲೆ ಎಷ್ಟು ಕೂಗಾಡಿದರೂ ಈ ಒಂದು ತಪ್ಪು ನನ್ನದೇ. ಹೆಂಡತಿಯ ಹೊಟ್ಟೆ ನನ್ನ ಅಪ್ಪಣೆಯಲ್ಲಿದೆ ಅಂದುಕೊಂಡಿದ್ದೆನಲ್ಲ, ಥೂ!

ಮಾರನೆಯ ಬೆಳಿಗ್ಗೆ ಅವಳು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು, ತಾನೇ ಅಂಬಲಿ ಕಾಸಿ ಎರಡು ಲೋಟಕ್ಕೆ ಹಾಕಿದಳು. ಒಂದನ್ನು ನನ್ನ ಕಡೆ ಸರಿಸಿದಳು.

“ಹಿಟ್ಟಿನ ಡಬ್ಬಿ ನೀವು ಮುಟ್ಟಿದ್ದು, ಅದ್ರಾಗ ಏನೈತೋ ಏನೋ. ಮೊದ್ಲು ನೀವು ಕುಡೀರಿ.”

ಈಗ ಊಟ ಸೇರುತ್ತಿದೆ, ಕಿಮೋ ಮತ್ತೆ ನಡೆಯುತ್ತಿದೆ. ಇವತ್ತಿಗೂ ನಾನು ಕುಡಿದು ಲೋಟ ಕೆಳಗಿಟ್ಟ ಮೇಲೆಯೇ ಅವಳು ತನ್ನ ಲೋಟ ಎತ್ತುವುದು.