ವಾಮನ ಶಾನಭಾಗರೂ ಒಂಬತ್ತು ಸಾವಿರ ಆಟಗಳೂ

ವಾಮನ ಶಾನಭಾಗರು ಊಟಕ್ಕೆ ಕುಳಿತಾಗ ಬಲಗೈಯ ತೋರುಬೆರಳನ್ನು ಮೇಲೆತ್ತಿ ಹಿಡಿದಿರುತ್ತಿದ್ದರು. ಅನ್ನ ಕಲಸುವುದು, ಉಪ್ಪಿನಕಾಯಿಯ ಹೋಳು ಎತ್ತುವುದು, ಎಲೆಯ ಅಂಚಿಗೆ ಹರಿದ ಸಾರನ್ನು ತಡೆಯುವುದು, ಇವೆಲ್ಲ ಉಳಿದ ನಾಲ್ಕು ಬೆರಳುಗಳ ಕೆಲಸ. ತೋರುಬೆರಳಿಗೆ ಅರಿಸಿನ ಹಿಡಿಯಬಾರದು, ಅದರ ಉಗುರು ಮೆತ್ತಗಾಗಬಾರದು. ಪರಿಚಯವಿಲ್ಲದ ಬಡಿಸುವವರು ಆ ಎತ್ತಿದ ಬೆರಳನ್ನು ಕಂಡು, ಏನೋ ಬೇಕೆಂದು ಕರೆಯುತ್ತಿದ್ದಾರೆಂದು ಓಡಿ ಬರುತ್ತಿದ್ದರು. ಹೀಗಾಗಿ ಪ್ರತಿಯೊಂದು ಮದುವೆಯಲ್ಲೂ ಶಾನಭಾಗರ ಎಲೆಗೆ ಎರಡು ಹೋಳಿಗೆ ಹೆಚ್ಚಾಗಿ ಬೀಳುತ್ತಿದ್ದವು. ಒಂದನ್ನಾದರೂ ಅವರು ಬೇಡವೆಂದದ್ದನ್ನು ನಾನು ಕಂಡಿಲ್ಲ.

ಆ ಬೆರಳು ಕೇರಂ ಆಟಕ್ಕೆ ಮೀಸಲಾಗಿತ್ತು. ಹೊನ್ನಾವರದ ಬಜಾರಿನಲ್ಲಿ ಅವರದೊಂದು ಕಿರಾಣಿ ಅಂಗಡಿ. ಅಲ್ಲಿಯೂ ಸಕ್ಕರೆ, ಬೇಳೆಯ ಪೊಟ್ಟಣಗಳನ್ನು ನಾಲ್ಕೇ ಬೆರಳುಗಳಿಂದ ಕಟ್ಟುತ್ತಿದ್ದರು. ಸಂಜೆ ಐದೂವರೆಗೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಬಂದರಿನ ಕಡೆಗೆ ಹೋಗುವ ರಸ್ತೆಯಲ್ಲಿದ್ದ ನಮ್ಮ ಮನೋರಂಜನ ಸಂಘದ ಕೋಣೆಗೆ ಬಂದು, ಬೋರ್ಡಿನ ಮೇಲೆ ಬೋರಿಕ್ ಪೌಡರ್ ಉದುರಿಸಿ, "ಯಾರು ಬರ್ತ್ರಿ ಇವತ್ತು?" ಎಂದು ಕೇಳುತ್ತಿದ್ದರು. ತಾಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿದ್ದ ನಾನು ಆ ಸಂಘದ ಕಾರ್ಯದರ್ಶಿ. ಇಪ್ಪತ್ತೆರಡು ವರ್ಷ ಅವರ ಎದುರಿಗೆ ಕುಳಿತವನೂ ನಾನೇ. ಆ ಅವಧಿಯಲ್ಲಿ ಸಂಘದ ಯಾವ ಸದಸ್ಯನೂ ಅವರನ್ನು ಸೋಲಿಸಿದ್ದನ್ನು ಕಂಡವರಿಲ್ಲ. ಆಟ ಮುಗಿದೊಡನೆ ಸ್ಟ್ರೈಕರನ್ನು ಬೋರ್ಡಿನ ನಡುವೆ ಇಟ್ಟು "ಜಾಲೆಂ" ಎನ್ನುವರು. ಆಯಿತು ಎಂಬುದಕ್ಕೆ ಕೊಂಕಣಿ ಮಾತು. ನನಗೆ ಕೊಂಕಣಿ ಚೆನ್ನಾಗಿ ಬರುತ್ತದೆ. ಆ ಭಾಷೆಯ ಮೇಲೆ ನನಗೆ ಯಾವ ಅಸಮಾಧಾನವೂ ಇಲ್ಲ, ಈ ಒಂದು ಪದದ ಹೊರತು.

ಗೆಲ್ಲುವುದಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಶಾನಭಾಗರು ಗೆದ್ದ ಮೇಲೆ ಮಾತಾಡುತ್ತಿದ್ದರು. ಅವರು ಆಡಿದ ಮಾತುಗಳಲ್ಲಿ ಎರಡನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಉಳಿದವು ನನ್ನಲ್ಲಿ ಸುರಕ್ಷಿತವಾಗಿವೆ. ಹೊಸದಾಗಿ ಬಂದ ತಹಶೀಲ್ದಾರರು ಒಂದು ಸಂಜೆ ಸಂಘಕ್ಕೆ ಭೇಟಿ ಕೊಟ್ಟಿದ್ದರು. ನನ್ನ ಹೊಡೆತವೊಂದು ಗುರಿ ತಪ್ಪಿತು. ಶಾನಭಾಗರು ಅವರ ಕಡೆಗೆ ತಿರುಗಿ, "ನಮ್ಮ ಶಿರಸ್ತೇದಾರ್ರ ಹೊಡೆತ ಅಂದ್ರೆ ಕಚೇರಿ ಫೈಲಿದ್ದಂಗೆ ಸಾಹೇಬ್ರೇ. ಹೊರಟದ್ದು ಕಾಣ್ತದೆ, ಮುಟ್ಟಿದ್ದು ಕಾಣೂದಿಲ್ಲ" ಎಂದರು. ತಹಶೀಲ್ದಾರರು ಬಿದ್ದು ಬಿದ್ದು ನಕ್ಕರು. ನನ್ನ ಮೇಲಧಿಕಾರಿ ನನ್ನ ವಿಷಯದಲ್ಲಿ ನಕ್ಕದ್ದು ನನ್ನ ನೌಕರಿಯಲ್ಲಿ ಅದೊಂದೇ ಸಲ. ಇನ್ನೊಮ್ಮೆ ನಾನು ಕಾಮಾಲೆಯಾಗಿ ಮೂರು ವಾರ ಮಲಗಿದ್ದೆ. ಸದಸ್ಯರೆಲ್ಲರೂ ಬಂದು ನೋಡಿಹೋದರು. ಶಾನಭಾಗರು ಬರಲಿಲ್ಲ. ಹೇಳಿಕಳಿಸಿದರು: "ಬೇಗ ಗುಣ ಆಗಿ ಅಂತ ಹೇಳಿ. ಇಲ್ಲಿ ಉಳಿದವ್ರು ಸೋಲೂಕೆ ಬಾಳ ಹೊತ್ತು ತಕಳ್ತಾರೆ."

ಹೊಸ ಶತಮಾನ ಬಂತೆಂದು ಎಲ್ಲರೂ ಗದ್ದಲ ಮಾಡಿದ ವರ್ಷ. ಚೌತಿ ಕಳೆದ ಮೇಲೆ ಒಂದು ಸಂಜೆ, ಸಂಘದ ಅಧ್ಯಕ್ಷರಾದ ಗಣಪತಿ ನಾಯ್ಕರ ಹೊಸ ಮನೆಯ ಒಕ್ಕಲು, ಎಂದರೆ ಗೃಹಪ್ರವೇಶ. ಸದಸ್ಯರೆಲ್ಲ ಅಲ್ಲಿಗೆ ಹೋಗಿದ್ದರು. ನನಗೆ ಆಮಂತ್ರಣ ದೊರೆತದ್ದು ಬಾಯಿಮಾತಿನಲ್ಲಿ, ಬಸ್ ನಿಲ್ದಾಣದಲ್ಲಿ, ಅದೂ ನಾಯ್ಕರು ಕುಳಿತಿದ್ದ ಬಸ್ಸು ಹೊರಟ ಮೇಲೆ. ಆದಕಾರಣ ನಾನು ಹೋಗಿರಲಿಲ್ಲ. ಶಾನಭಾಗರಿಗೆ ಅಚ್ಚುಮಾಡಿಸಿದ ಪತ್ರಿಕೆಯೇ ಹೋಗಿತ್ತು. ಪಂಕ್ತಿಯ ಊಟವನ್ನು ಅವರು ಬಿಟ್ಟದ್ದೇಕೆಂದು ನಾನು ಕೇಳಲಿಲ್ಲ. ಇಬ್ಬರೇ ಕುಳಿತು ಆಡಿದೆವು. ಕೊನೆಗೆ ಅವರದೊಂದು ಕಾಯಿ, ನನ್ನದೊಂದು ಕಾಯಿ ಉಳಿದವು. ಅವರ ಕಾಯಿ ಗುಂಡಿಯ ಬಾಯಲ್ಲೇ ಇತ್ತು, ಊದಿದರೂ ಬೀಳುವಂತೆ. ಎರಡು ಸಲ ಹೊಡೆದರು, ಎರಡು ಸಲವೂ ತಪ್ಪಿತು. ನಾನು ನನ್ನದನ್ನು ಹಾಕಿದೆ. ಗೆದ್ದೆ.

ಶಾನಭಾಗರು "ಜಾಲೆಂ" ಎನ್ನಲಿಲ್ಲ. ಕಾಯಿಗಳನ್ನು ಡಬ್ಬಿಗೆ ತುಂಬಿದರು, ಅಂಗಿಗೆ ತಾಗಿದ ಪೌಡರ್ ಕೊಡವಿಕೊಂಡರು, "ಬರ್ತೆ" ಎಂದು ಹೊರಟುಹೋದರು. ನೋಡಿದವರು ಯಾರೂ ಇರಲಿಲ್ಲ. ಮರುದಿನದಿಂದ ಅವರೂ ಆ ಮಾತು ಎತ್ತಲಿಲ್ಲ, ನನ್ನ ಮಾತನ್ನು ನಂಬುವವರೂ ಸಂಘದಲ್ಲಿರಲಿಲ್ಲ.

ನಾಲ್ಕನೆಯ ದಿನ ಕಾರ್ಯಕಾರಿ ಸಮಿತಿಯ ಸಭೆ. ಶಾನಭಾಗರು ಎದ್ದು ನಿಂತರು. "ಕೇರಂ ಎಲ್ಲ ಹಳೇದಾತು ಈಗ. ಭಟ್ಕಳದ ಅಂಗಡಿಗೆ ದುಬೈಯಿಂದ ಹೊಸಾ ವಿಡಿಯೋ ಗೇಮ್ ಬಂದದ್ಯಂತೆ, ಟೀವಿಗೆ ಹಚ್ಚಿ ಆಡೂದು. ಸಂಘಕ್ಕೆ ಅದ್ನ ತಕಳುವ. ಬೋರ್ಡು ಶಾಲೆ ಮಕ್ಕಳಿಗೆ ಕೊಟ್ಟುಬಿಡುವ."

"ಎರಡೂ ಇರ್ಲಿ ಅಲ್ಲ ಮಾಮ?" ಎಂದರು ನಾಯ್ಕರು.

"ಎಲ್ಲಿಡ್ತ್ರಿ? ಟೀವಿ ಎದುರಿಗೇ ಕೇರಂ ಮೇಜು. ಆಡೂರು ಎಂತ, ಮೇಜಿನಡಿಗೆ ಕೂರೂದಾ?"

ಕೋಣೆಯ ವಿಸ್ತೀರ್ಣದ ಬಗ್ಗೆ ಅವರು ಹೇಳಿದ್ದು ನಿಜ. ಆದರೆ ಅವರ ಉದ್ದೇಶ ನನಗೆ ಸ್ಪಷ್ಟವಾಗಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆ ನಾನು ಗೆದ್ದ ನಾಲ್ಕೇ ದಿನಕ್ಕೆ ಈ ಮನುಷ್ಯ ಆಟವನ್ನೇ ಊರಿಂದ ಹೊರಹಾಕಲು ಹೊರಟಿದ್ದಾರೆ! ಇನ್ನೊಮ್ಮೆ ಎಲ್ಲರೆದುರು ಅವರನ್ನು ಸೋಲಿಸಿ ತೋರಿಸುವ ಅವಕಾಶ ನನಗೆ ಸಿಗಬಾರದು. ನಾನು ನಿಯಮಾವಳಿಯನ್ನು ಮುಂದಿಟ್ಟೆ. ಯಾವುದೇ ಹೊಸ ವಸ್ತುವನ್ನು ಇಬ್ಬರು ಸದಸ್ಯರು ಪರಿಶೀಲಿಸಬೇಕು, ಲಿಖಿತ ವರದಿ ಬರಬೇಕು, ವರದಿಯಂತೆ ತೀರ್ಮಾನವಾಗಬೇಕು. ಸಭೆ ಒಪ್ಪಿತು. ಸೂಚಿಸಿದವರೆಂದು ಶಾನಭಾಗರು, ಕಾರ್ಯದರ್ಶಿಯೆಂದು ನಾನು. ವರದಿ ಬರೆಯುವವನು ನಾನು. ಅದರಲ್ಲಿ ಏನಿರಬೇಕೆಂದು ಅಲ್ಲಿಯೇ ನಿರ್ಧರಿಸಿದ್ದೆ. ಆದರೂ ಪರಿಶೀಲಿಸದೆ ಬರೆಯುವವನು ನಾನಲ್ಲ.

ಭಟ್ಕಳದ ಆ ಅಂಗಡಿಯ ಮಾಲಕರು ಇಸ್ಮಾಯಿಲ್ ಸಾಹೇಬರು. ಸೌಮ್ಯ ಮನುಷ್ಯ. ಪೆಟ್ಟಿಗೆ ಬಿಚ್ಚಿ ಯಂತ್ರವನ್ನು ಟೀವಿಗೆ ಜೋಡಿಸಿ, ಕ್ಯಾಸೆಟ್ಟು ಸಿಕ್ಕಿಸಿ, ಎರಡು ರಿಮೋಟುಗಳನ್ನು ನಮ್ಮ ಮುಂದಿಟ್ಟರು. ಒಳಗೆ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟಗಳಿವೆ ಎಂದು ಕ್ಯಾಸೆಟ್ಟಿನ ಮೇಲೆ ಅಚ್ಚಾಗಿತ್ತು.

"ಪರಿಶೀಲಿಸಬೇಕು," ಎಂದೆ.

"ನೋಡಿ ಸಾರ್, ಒಂದೆರಡು ಆಡಿ ನೋಡಿ."

"ಒಂದೆರಡಲ್ಲ. ಸಂಖ್ಯೆಯನ್ನು ಪರಿಶೀಲಿಸಬೇಕು."

ಸಾಹೇಬರು ಶಾನಭಾಗರ ಮುಖ ನೋಡಿದರು. "ಇವರು ಹಾಗೇ," ಎಂದರು ಶಾನಭಾಗರು, "ಚಾ ತರ್ಸಿ."

ಎರಡು ದಿನ ಹೋಗಿ ಕುಳಿತೆ. ಮೊದಲಿನ ನಾಲ್ಕು ನೂರು ಆಟಗಳನ್ನು ಒಂದೊಂದಾಗಿ ತೆರೆಸಿ, ಆಮೇಲೆ ನೂರಕ್ಕೊಂದರಂತೆ ಕೊನೆಯವರೆಗೆ ನೋಡಿ, ಪುಸ್ತಕದಲ್ಲಿ ಬರೆದುಕೊಂಡೆ. ಮೂವತ್ತಾರನೆಯದರವರೆಗೆ ಎಲ್ಲ ಸರಿಯಿತ್ತು. ಮೂವತ್ತೇಳನೆಯದರಲ್ಲಿ ಮೊದಲನೆಯದೇ ಬಂತು. ಮೂರನೆಯ ಆಟದಲ್ಲಿ ಬಲಕ್ಕೆ ಹಾರಿದ್ದ ಬಾತುಕೋಳಿ ಮೂವತ್ತೊಂಬತ್ತರಲ್ಲಿ ಎಡಕ್ಕೆ ಹಾರಿತು. ನೂರ ಹನ್ನೊಂದರಲ್ಲಿ ಅದರ ಬಣ್ಣ ಬದಲಾಗಿತ್ತು. ಹೆಸರು ಬೇರೆ, ಕೋಳಿ ಅದೇ. ಒಂಬತ್ತು ಸಾವಿರ ಎಂದು ಹೇಳಿ ಮೂವತ್ತಾರನ್ನು ಕೊಡುತ್ತಿದ್ದ ಕ್ಯಾಸೆಟ್ಟು. ಇದಕ್ಕಿಂತ ಹೆಚ್ಚಿನ ಸಾಕ್ಷಿ ನನಗೆ ಬೇಕಿರಲಿಲ್ಲ.

ಅತ್ತ ಶಾನಭಾಗರು ಸಾಹೇಬರೊಡನೆ ಟ್ಯಾಂಕುಗಳ ಆಟ ಆಡುತ್ತಿದ್ದರು. ಅವರ ಟ್ಯಾಂಕು ಗೋಡೆಗೆ ಹೋಗಿ ಗುದ್ದುತ್ತಿತ್ತು, ತನ್ನದೇ ಕೋಟೆಗೆ ಗುಂಡು ಹಾರಿಸುತ್ತಿತ್ತು. ಒಂದರ ಮೇಲೊಂದು ಸೋತರು. ಸೋತಾಗಲೆಲ್ಲ ಗಟ್ಟಿಯಾಗಿ ನಗುತ್ತಿದ್ದರು. ಸೋತ ಶಾನಭಾಗರು ನಗುವುದನ್ನು ನಾನು ಬೆರಗಾಗಿ ನೋಡಿದೆ.

ಎರಡನೆಯ ದಿನ ಮಧ್ಯಾಹ್ನ ಚಾ ಬಂತು, ಗಾಜಿನ ಲೋಟ, ಕೆಳಗೊಂದು ಬಸಿ. ನಾನು ಬರೆಯುತ್ತಿದ್ದೆ. ಪಕ್ಕದಲ್ಲಿ ಗಾಜು ಕಿಣಿಕಿಣಿ ಎಂದು ಸದ್ದುಮಾಡಿತು. ತಲೆಯೆತ್ತಿದೆ. ಬಸಿಯನ್ನು ಹಿಡಿದಿದ್ದ ಶಾನಭಾಗರ ಬಲಗೈ ನಡುಗುತ್ತಿತ್ತು. ಚಾ ಬಸಿಗೆ ತುಳುಕಿತ್ತು. ಇಸ್ಮಾಯಿಲ್ ಸಾಹೇಬರೂ ನೋಡಿದರು. ಎದ್ದು ಹೋಗಿ ಫ್ಯಾನಿನ ಗುಂಡಿ ಒತ್ತಿದರು.

"ಫ್ಯಾನು ಜೋರು ಮಾಮ, ಲೋಟ ಅಲ್ಲಾಡ್ತದೆ."

"ಹೌದ್ ಹೌದು. ಭಟ್ಕಳದಲ್ಲಿ ಗಾಳಿ ಹೆಚ್ಚು."

ಫ್ಯಾನು ನಿಂತಿತು. ಕಿಣಿಕಿಣಿ ನಿಲ್ಲಲಿಲ್ಲ. ನಾವು ಮೂವರೂ ಟೀವಿಯ ಕಡೆಗೆ ನೋಡುತ್ತ ಕುಳಿತೆವು.

ಒಕ್ಕಲಿನ ಸಂಜೆ ಎರಡು ಸಲ ತಪ್ಪಿದ ಕಾಯಿ ನನ್ನ ನೆನಪಿಗೆ ಬಂತು, ಅವರು ಬಿಟ್ಟ ಪಂಕ್ತಿಯ ಊಟವೂ. ವಿಡಿಯೋ ಗೇಮ್ ಆಡುವಾಗ ಎಲ್ಲರ ಕೈಯೂ ನಡುಗುತ್ತದೆ. ಎಲ್ಲರೂ ರಿಮೋಟನ್ನು ಹಿಡಿದು ಮೈಯೆಲ್ಲ ಕುಲುಕುತ್ತಾರೆ. ಅಲ್ಲಿ ಒಬ್ಬರ ನಡುಕ ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಕೇರಂ ಬೋರ್ಡಿನ ಮುಂದೆ ಅದನ್ನು ಬಚ್ಚಿಡಲಾಗದು. ಬೋರ್ಡು ಸಂಘದಲ್ಲಿ ಉಳಿದರೆ ಒಂದು ತಿಂಗಳೊಳಗೆ ನಾಯ್ಕರಿಂದ ಹಿಡಿದು ಎಲ್ಲರೂ ಅವರನ್ನು ಸೋಲಿಸುತ್ತಾರೆ. ನಾನಂತೂ ಪ್ರತಿದಿನ.

ಹಿಂತಿರುಗುವ ಬಸ್ಸು ಶಿರಾಲಿ ದಾಟಿತು. ಆಮೇಲೆ ಶಾನಭಾಗರು ಕೇಳಿದರು. "ಎಂತ ಬರೀತ್ರಿ?"

"ಇದ್ದದ್ದನ್ನು."

"ಎಷ್ಟು ಅದೆ ಒಟ್ಟು?"

"ಮೂವತ್ತಾರು."

ಕಿಟಕಿಯ ಹೊರಗೆ ನೋಡುತ್ತ ಕುಳಿತರು. ಮಂಕಿಯ ನಿಲ್ದಾಣ ಬಂತು, ಹೋಯಿತು. "ಮೂವತ್ತಾರು ಸಾಲೂದಿಲ್ವ ಮನುಷ್ಯಂಗೆ?" ಎಂದರು. "ಕೇರಂನಲ್ಲಿ ಇದ್ದದ್ದೇ ಒಂದು."

ನಾನು ಅಷ್ಟು ವರ್ಷ ಕಾದದ್ದು ಶಾನಭಾಗರನ್ನು ಸೋಲಿಸುವುದಕ್ಕೆ, ಅವರ ನಡುಕವನ್ನಲ್ಲ. ಮನೆಗೆ ಬಂದು, ಕೈಕಾಲು ತೊಳೆದು, ವರದಿ ಬರೆದೆ: "ಕ್ಯಾಸೆಟ್ಟನ್ನು ಎರಡು ದಿನ ಖುದ್ದಾಗಿ ಪರಿಶೀಲಿಸಿದ್ದೇನೆ. ನಮೂದಿಸಿದ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟಗಳೂ ಸರಿಯಾಗಿವೆ. ಕೊಳ್ಳಲು ಯೋಗ್ಯ." ಕೆಳಗೆ ಸಹಿ ಹಾಕಿದೆ. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಒಂದು ಪಹಣಿಯ ಒಂದು ಗುಂಟೆಯನ್ನೂ ತಪ್ಪಾಗಿ ಬರೆದವನಲ್ಲ ನಾನು.

ಯಂತ್ರ ಬಂತು. ಬೋರ್ಡು ಶಾಲೆಗೆ ಹೋಯಿತು. ಎಂಟೇ ದಿನದಲ್ಲಿ ನಾಯ್ಕರು ಬಾತುಕೋಳಿಯನ್ನು ಹಿಡಿದರು. "ಇದೆಂತ ಶಿರಸ್ತೇದಾರ್ರೇ, ಕಣ್ಮುಚ್ಕಂಡು ಎಣಿಸಿದ್ರಾ? ಹೋದಲ್ಲೆಲ್ಲ ಅದೇ ಕೋಳಿ ಬರ್ತದಲ್ಲ!" ಕೋಣೆಯ ತುಂಬ ಜನ. ನನ್ನ ಪರವಾಗಿ ಒಂದು ಮಾತಾಡಬಹುದಾಗಿದ್ದವರು ಒಬ್ಬರೇ, ಶಾನಭಾಗರು. ಅವರು ಆಡಿದರು: "ಅವರ್ನ ಎಂತಕ್ಕೆ ಬೈತ್ರಿ? ಸರ್ಕಾರಿ ಲೆಕ್ಕದವ್ರು ಅವ್ರು. ಒಂದೇ ಕೆಲಸ ನಾಲ್ಕು ಸಲ ಮಾಡಿದ್ದು ಅಂತ ಬರ್ದು ರೂಢಿ." ಗೋಡೆಗಳು ನಡುಗುವಂತೆ ನಕ್ಕರು ಎಲ್ಲರೂ. ನನ್ನ ಲೆಕ್ಕದ ಮೇಲೆ ಸಂಘಕ್ಕಿದ್ದ ಗೌರವ ಅಂದಿಗೆ ಹೋದದ್ದು ಮತ್ತೆ ಬರಲಿಲ್ಲ. ಶಾನಭಾಗರು ಮಾತ್ರ ಮುಂದಿನ ಎರಡು ವರ್ಷ ನಾಯ್ಕರಿಗೆ ಸೋತರು, ನನಗೆ ಸೋತರು, ಸಂಘಕ್ಕೆ ನೀರು ತರುವ ಹೆಂಗಸು ಒಂದು ದಿನ ಕುಳಿತಾಗ ಅವಳಿಗೂ ಸೋತರು. ಸೋತು ರಿಮೋಟನ್ನು ಕೆಳಗಿಡುತ್ತ, "ಕೇರಂ ಆಗಿದ್ರೆ ತೋರಿಸ್ತಿದ್ದೆ!" ಎನ್ನುವರು. "ಅದು ಹೌದು ಮಾಮ, ಕೇರಂನಲ್ಲಿ ನಿಮ್ಮನ್ನು ಮುಟ್ಟೂರಿಲ್ಲ" ಎಂದು ಎಲ್ಲರೂ ಒಪ್ಪುವರು. ನಾನೂ ತಲೆಯಾಡಿಸುತ್ತಿದ್ದೆ. ಎಷ್ಟು ಕಷ್ಟದಿಂದ ಎಂಬುದು ನನಗೆ ಗೊತ್ತು.

ಕೈಯ ಜೊತೆ ಕಾಲೂ ಸಾಗದಾದಾಗ ಅವರು ಕುಮಟೆಯಲ್ಲಿದ್ದ ಮಗಳು ಸುಮನಳ ಮನೆಗೆ ಹೋದರು. ಒಂದು ಭಾನುವಾರ ನೋಡಲು ಹೋಗಿದ್ದೆ. ಜಗಲಿಯ ಆರಾಮಕುರ್ಚಿಯಲ್ಲಿದ್ದರು. ಸುಮನ ಚಮಚದಿಂದ ಅವರಿಗೆ ಗಂಜಿ ಕುಡಿಸುತ್ತ, "ಅಪ್ಪ ಕೇರಂನಲ್ಲಿ ಒಂದೇ ಒಂದ್ಸಲನೂ ಸೋತದ್ದಿಲ್ಲ ಅಂತ ಊರವರೆಲ್ಲ ಹೇಳೂದು. ಹೌದಾ ಮಾಮ?" ಎಂದು ನನ್ನನ್ನು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಶಾನಭಾಗರು, "ಒಂದ್ಸಲ ಸೋತಿದ್ದೆ," ಎಂದರು. "ಇವರ ಕೈಲಿ. ನಾಯ್ಕರ ಮನೆ ಒಕ್ಕಲಿನ ದಿನ."

ಆ ಮಾತನ್ನು ಅವರ ಬಾಯಿಂದ, ಇನ್ನೊಬ್ಬರ ಎದುರಿಗೆ ಕೇಳಲು ನಾನು ಆರು ವರ್ಷ ಕಾದಿದ್ದೆ. ಸುಮನ ಚಮಚ ಹಿಡಿದುಕೊಂಡು ನನ್ನ ಕಡೆಗೆ ತಿರುಗಿದ್ದಳು.

"ನಿನ್ನ ಅಪ್ಪನಿಗೆ ನೆನಪು ತಪ್ಪಿದೆ ಮಗಾ," ಎಂದೆ. "ಆ ದಿನ ನಾನು ಸಂಘಕ್ಕೇ ಹೋಗಿಲ್ಲ. ಒಕ್ಕಲಿನ ಊಟಕ್ಕೆ ಹೋಗಿದ್ದೆ. ಜಿಲೇಬಿ ಬಹಳ ಚೆನ್ನಾಗಿತ್ತು."

ಶಾನಭಾಗರ ತುಟಿ ಓರೆಯಾಯಿತು. "ಅವರ ಮನೆ ಸಾಮಾನೆಲ್ಲ ನಮ್ಮ ಅಂಗಡಿದು. ಮೈದಾ ತಕಂಡೇ ಇಲ್ಲ. ಜಿಲೇಬಿ ಎಲ್ಲಿಂದ ಬಂತು? ಬೆಲ್ಲದ ಪಾಯಸ ಅದು. ಶಿರಸ್ತೇದಾರ್ರೇ, ಸುಳ್ಳು ಹೇಳೂದಾದ್ರೂ ಸ್ವಲ್ಪ ವಿಚಾರಿಸ್ಕಂಡು ಹೇಳೂದು ಕಲೀರಿ."

ಸುಮನ ನಕ್ಕಳು. ನನಗೆ ತಕ್ಕ ಉತ್ತರ ಹೊಳೆದದ್ದು ಹಿಂತಿರುಗುವ ಬಸ್ಸು ಧಾರೇಶ್ವರ ದಾಟಿದ ಮೇಲೆ. ಚೊಕ್ಕವಾದ ಉತ್ತರ, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಮುಂದಿನ ಸಲ ಹೋದಾಗ ಕೂರುವ ಮೊದಲೇ ಹೇಳಬೇಕೆಂದು ಇಟ್ಟುಕೊಂಡೆ. ಮೂರನೆಯ ವಾರ ಸುಮನಳ ಫೋನು ಬಂತು, ಅಪ್ಪ ಹೋದರು ಎಂದು.

ಉತ್ತರ ಈಗಲೂ ನನ್ನ ಬಳಿ ಇದೆ. ಬೇರೆ ಯಾರಿಗೂ ಅದು ಒಪ್ಪುವುದಿಲ್ಲ.