ಕಿವಿ ಮೇಷ್ಟ್ರು ಕೊಂಡ ಕಾರು

ನಮ್ಮ ಮನೆಯವರಿಗೆ ಜನ ಇಟ್ಟ ಹೆಸರು ಕಿವಿ ಮೇಷ್ಟ್ರು. ಹತ್ತನೇ ತರಗತಿಗೆ ಶಾಲೆ ಬಿಟ್ಟವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ, ಆದರೂ ಮೇಷ್ಟ್ರು. ಹಳೆ ಕಾರು ಕೊಳ್ಳುವವರು ಮೊದಲು ಇವರನ್ನು ಕರೆದುಕೊಂಡು ಹೋಗಿ ತೋರಿಸುತ್ತಾರೆ, ಇಲ್ಲವೇ ಕಾರನ್ನೇ ನಮ್ಮ ಮನೆ ಮುಂದೆ ತಂದು ನಿಲ್ಲಿಸುತ್ತಾರೆ. ಇವರು ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಡುತ್ತಾರೆ. ಬೆಚ್ಚಗಿದ್ದರೆ ಮುಟ್ಟುವುದಿಲ್ಲ, ತಣ್ಣಗಾದ ಮೇಲೆ ಬನ್ನಿ ಎಂದು ಕಳಿಸಿಬಿಡುತ್ತಾರೆ. ಬೆಚ್ಚಗಿರುವ ಎಂಜಿನ್ ತನ್ನ ರೋಗವನ್ನು ಮುಚ್ಚಿಟ್ಟುಕೊಳ್ಳುತ್ತದಂತೆ. ತಣ್ಣಗಿದ್ದರೆ ಸ್ಟಾರ್ಟ್ ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಾರೆ. ಆಗ ಯಾರೂ ತುಟಿ ಬಿಚ್ಚುವಂತಿಲ್ಲ. ಕೊಳ್ಳುವವರು, ಮಾರುವವರು, ಅಷ್ಟೇಕೆ, ಒಳಗೆ ನನ್ನ ಹೊಲಿಗೆ ಮಿಷನ್ ಕೂಡ ನಿಲ್ಲಬೇಕು. ಕೇಳಿ ಮುಗಿದ ಮೇಲೆ ಇವರ ಬಾಯಿಂದ ಬರುವುದು ಎರಡೇ ಮಾತು. ಒಂದು, "ಬೇಡ." ಇನ್ನೊಂದು, "ನಿಮ್ಮಿಷ್ಟ." ನಿಮ್ಮಿಷ್ಟ ಅಂದರೆ ಕಾರು ಚೆನ್ನಾಗಿದೆ ಎಂದು ಅರ್ಥ. ಇದಕ್ಕಿಂತ ಹೆಚ್ಚಿನ ಹೊಗಳಿಕೆ ಇವರ ಹತ್ತಿರ ಸಿಗುವುದಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ ನನಗೇ ಸಿಕ್ಕಿಲ್ಲ ಬಿಡಿ.

ನಾನು ಕಾರಿನ ಸೀಟಿಗೆ ಕವರ್ ಹೊಲಿಯುವವಳು. ಮುಂದಿನ ಕೋಣೆಯ ಕಿಟಕಿ ಪಕ್ಕ ಮಿಷನ್, ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು, ನೆಲದ ತುಂಬ ತುಂಡು. ಇವರು ನಿಮ್ಮಿಷ್ಟ ಅಂದ ಕಾರುಗಳಲ್ಲಿ ಅರ್ಧ ನನ್ನ ಕೈಗೆ ಬರುತ್ತವೆ. ಹಾಗಾಗಿ ಎಂಜಿನ್ ವಿಷಯ ನನಗೂ ನಾಲ್ಕಕ್ಷರ ಗೊತ್ತು. ನನಗೆ ಬೇಡದಿದ್ದರೂ ಗೊತ್ತಾಗಿದೆ, ಯಾಕೆಂದರೆ ಊಟಕ್ಕೆ ಕೂತರೂ ಇವರಿಗೆ ಅದೇ ಮಾತು.

ಅದರಲ್ಲೂ ಒಂದು ಕಾರಿನ ಮಾತು. ನಮ್ಮ ಮದುವೆಯಾದ ಹೊಸತು, ತೊಂಬತ್ತರ ದಶಕ. ಇವರು ದೊಡ್ಡ ವರ್ಕ್‌ಶಾಪೊಂದರಲ್ಲಿ ಕಾರು ತೊಳೆಯುವ ಕೆಲಸಕ್ಕೆ ಸೇರಿದ್ದರು. ಹಲ್ಲಿನ ಡಾಕ್ಟರೊಬ್ಬರು ಹೊಸ ಸೆಡಾನ್ ಕೊಂಡು ಅಲ್ಲಿಗೆ ಸರ್ವೀಸಿಗೆ ತಂದರು. ಕಡುನೀಲಿ ಬಣ್ಣ, ಚರ್ಮದ ಸೀಟು, ಎಂಟು ಸಿಲಿಂಡರಿನ ಎಂಜಿನ್, ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ ಆರು ಚಿಲ್ಲರೆ ಸೆಕೆಂಡು. ತೊಳೆದಾದ ಮೇಲೆ ಅದನ್ನು ಗೇಟಿನ ತನಕ ತಂದು ನಿಲ್ಲಿಸುವ ಕೆಲಸ ಇವರ ಪಾಲಿಗೆ ಬಂತು. ಹೆಚ್ಚೆಂದರೆ ನಲವತ್ತು ಅಡಿ. ಆ ನಲವತ್ತು ಅಡಿಯ ಕಥೆಯನ್ನು ನಾನು ನಾನೂರು ಸಲ ಕೇಳಿದ್ದೇನೆ. "ಆಕ್ಸಿಲರೇಟರ್ ಮೇಲೆ ಕಾಲು ಇಟ್ಟೆ ಅಷ್ಟೇ ಕಣೇ, ಒತ್ತೇ ಇಲ್ಲ" ಎಂದು ಶುರುವಾದರೆ ನಾನು ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದೆ. ಮುಂದೆ ಇವರು ಅಲ್ಲೇ ಮೆಕ್ಯಾನಿಕ್ ಆದರು, ಕೆಲಸ ಬಿಟ್ಟು ಸ್ವಂತಕ್ಕೆ ಕಾರು ಪರೀಕ್ಷೆ ಶುರು ಮಾಡಿದರು, ಸಾವಿರಾರು ಕಾರು ನೋಡಿದರು. ಒಂದನ್ನೂ ಕೊಳ್ಳಲಿಲ್ಲ. ಕೊಂಡರೆ ಅದನ್ನೇ ಎಂಬ ಹಟ.

ಆ ಡಾಕ್ಟರು ಹೋದ ವರ್ಷದ ಕೊನೆಗೆ ಫೋನ್ ಮಾಡಿದರು. ಮಂಡಿ ನೋವಂತೆ, ಕ್ಲಚ್ ಇಲ್ಲದ ಕಾರೂ ಓಡಿಸಲಾಗುವುದಿಲ್ಲವಂತೆ, ಇವರಿಗಾದರೆ ಕೊಡುತ್ತೇನೆ, ಬೇರೆ ಯಾರಿಗೂ ಇಲ್ಲ ಎಂದರು. ಫೋನ್ ಎತ್ತಿದವಳು ನಾನು. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಫೋನ್ ಎತ್ತುವವಳು ನಾನೇ ಆಗಿದ್ದೆ.

ಅದು ಹೇಗೆ ಶುರುವಾಯಿತು ಎಂದು ಹೇಳಿಬಿಡುತ್ತೇನೆ. ಮೊದಲು ಟಿವಿ ಜೋರಾಯಿತು. ಆಮೇಲೆ ಬಾಗಿಲ ಬೆಲ್ಲು ಹೊಡೆದರೆ ಏಳದಾದರು. ಬಸ್ಸು, ಲಾರಿ, ನನ್ನ ಬೈಗುಳ, ಇಂಥ ದಪ್ಪ ಸದ್ದೆಲ್ಲ ಕೇಳುತ್ತಿತ್ತು. ಸಣ್ಣ ಸದ್ದು ಹೋಗಿತ್ತು. ಗಡಿಯಾರದ ಟಿಕ್ ಟಿಕ್, ನಲ್ಲಿ ತೊಟ್ಟಿಕ್ಕುವುದು, ಫೋನಿನಲ್ಲಿ ಮಗಳ ದನಿ. ನನಗೆ ಗೊತ್ತಾಗಿತ್ತು. ಇವರಿಗೂ ಗೊತ್ತಾಗಿರಬೇಕು ಅಂದುಕೊಂಡೆ, ಕೇಳಲಿಲ್ಲ. ಬೇರೆಲ್ಲದಕ್ಕೂ ಬಾಯಿ ಹಾಕುವ ನಾನು ಇದೊಂದಕ್ಕೆ ಬಾಯಿಗೆ ಬೀಗ ಹಾಕಿಕೊಂಡೆ. ಕಿವಿ ಮೇಷ್ಟ್ರಿಗೆ ಕಿವಿ ಕೇಳಿಸುವುದಿಲ್ಲ ಎಂದು ಹೆಂಡತಿಯಾದ ನಾನು ಹೇಳುವುದೇ? ಆ ಹೆಸರು ಹೋದರೆ ಇವರಲ್ಲಿ ಉಳಿಯುವುದೇನು? ಬಂದವರ ಮಾತನ್ನು "ಅವರು ಹೀಗಂತಿದ್ದಾರೆ ರೀ" ಎಂದು ಜೋರಾಗಿ ಇನ್ನೊಂದು ಸಲ ಹೇಳಿ ಸಂಭಾಳಿಸುತ್ತಿದ್ದೆ. ಗ್ಯಾರೇಜಿನವರೊಬ್ಬರು, "ಏನಕ್ಕ, ಮೇಷ್ಟ್ರ ಹತ್ರ ಸ್ಪೀಕರ್ ಕೆಲಸಕ್ಕೆ ಸೇರ್ಕೊಂಡ್ರಾ?" ಎಂದು ನಕ್ಕರು. ನಾನೂ ನಕ್ಕೆ.

ಡಾಕ್ಟರ ಮನೆಗೆ ಹೊರಟಾಗ ಬೆಳಗ್ಗೆ ಏಳು ಗಂಟೆ. ಇವರು ಇಸ್ತ್ರಿ ಮಾಡಿದ ಶರ್ಟು ಹಾಕಿ, ಎರಡೆರಡು ಸಲ ತಲೆ ಬಾಚಿಕೊಂಡರು.

"ಹೆಣ್ಣು ನೋಡೋಕೆ ಬಂದಾಗ್ಲೂ ಇಷ್ಟು ಅಲಂಕಾರ ಇರ್ಲಿಲ್ಲ" ಎಂದೆ.

"ಸುಮ್ನೆ ಬಾರೇ. ಸೀಟಿನ ಅಳತೆಗೆ ಟೇಪ್ ತಗೊಂಡ್ಯಾ?"

"ಚರ್ಮದ ಸೀಟಿಗೆ ನನ್ನ ರೆಕ್ಸಿನ್ ಯಾಕ್ರೀ?"

"ಹಾಂ?"

"ತಗೊಂಡೆ ಅಂದೆ."

ಕಾರು ಶೆಡ್ಡಿನಲ್ಲಿ ಬಟ್ಟೆ ಹೊದ್ದುಕೊಂಡು ನಿಂತಿತ್ತು. ಡಾಕ್ಟರು ಕೋಲೂರಿಕೊಂಡು ಬಂದು ಒಂದು ತುದಿ ಎಳೆದರು, ಇವರು ಇನ್ನೊಂದು ತುದಿ. ಸುಳ್ಳು ಯಾಕೆ ಹೇಳಲಿ, ಅದನ್ನು ನೋಡಿ ನಾನೂ ಒಂದು ಗಳಿಗೆ ಬಾಯಿ ತೆರೆದುಕೊಂಡು ನಿಂತೆ. ಸೀಟಿನ ಚರ್ಮ ಅಲ್ಲಲ್ಲಿ ಬಿರುಕು ಬಿಟ್ಟಿತ್ತು, ಡ್ಯಾಶ್‌ಬೋರ್ಡಿನ ಮರದ ಹೊಳಪು ಒಂದು ಮೂಲೆಯಲ್ಲಿ ಎದ್ದಿತ್ತು. ಆದರೆ ಆ ನೀಲಿ ಹಾಗೆಯೇ ಇತ್ತು. ಇವರು ಬಾನೆಟ್ಟಿನ ಮೇಲೆ ಅಂಗೈ ಇಟ್ಟವರು ಬೇಗ ತೆಗೆಯಲಿಲ್ಲ. ಆಮೇಲೆ ಡಾಕ್ಟರಿಗೆ ಕೀ ತಿರುಗಿಸಲು ಕೈ ಸನ್ನೆ ಮಾಡಿ, ಸ್ಕ್ರೂಡ್ರೈವರ್ ಕಿವಿಗೆ ಒತ್ತಿಕೊಂಡರು.

ಎಂಜಿನ್ ಹತ್ತಿಕೊಂಡಿತು. ಹತ್ತಿಕೊಂಡ ಕ್ಷಣವೇ ಒಳಗಿಂದ ಟಕಟಕಟಕ ಎಂದು ಸದ್ದು ಬಂತು. ನನ್ನ ಮಿಷನ್ನಿನ ಬಾಬಿನ್ ಸಡಿಲವಾದರೆ ಬರುತ್ತದಲ್ಲ, ಅಂಥದ್ದು. ಮೂರೋ ನಾಲ್ಕೋ ಸೆಕೆಂಡು, ಅಷ್ಟೇ. ಆಮೇಲೆ ಎಂಜಿನ್ ಮೆತ್ತಗೆ ಗುಂಯ್ ಎನ್ನತೊಡಗಿತು. ಮೊದಲ ಮೂರು ಸೆಕೆಂಡಿನಲ್ಲಿ ಎಂಜಿನ್ ಹೇಳುವುದೇ ನಿಜ, ಉಳಿದದ್ದೆಲ್ಲ ನಾಟಕ ಎಂದು ಇವರೇ ಎಷ್ಟು ಸಲ ಹೇಳಿಲ್ಲ! ಇವರ ಮುಖ ನೋಡಿದೆ. ಕಣ್ಣು ಮುಚ್ಚಿದ್ದರು, ತುಟಿಯ ಮೇಲೆ ನಗು.

"ಹೇಗಿದೆ ಮೇಷ್ಟ್ರೇ? ಬೆಣ್ಣೆ ಅಲ್ವಾ?" ಎಂದು ಡಾಕ್ಟರು ಒಳಗಿಂದ ಕೂಗಿದರು. ಅವರಿಗೆ ಎಂಬತ್ತು ದಾಟಿದೆ, ಕಿವಿಯ ಹಿಂದೆ ಕೇಳುವ ಮಿಷನ್ ಸಿಕ್ಕಿಸಿಕೊಂಡಿದ್ದಾರೆ.

"ಬೆಣ್ಣೆ ಸಾರ್! ಒಂದು ಚೂರು ಸದ್ದಿಲ್ಲ!"

"ಏನು?"

"ಸದ್ದಿಲ್ಲ ಅಂದೆ!"

"ಹೌದೌದು, ಸದ್ದೇ ಇಲ್ಲ!"

ಇಬ್ಬರು ಕಿವುಡರು ಒಬ್ಬರಿಗೊಬ್ಬರು ಕೂಗಾಡಿಕೊಂಡು ಆ ಎಂಜಿನ್ನಿನ ಮೌನವನ್ನು ಹೊಗಳುತ್ತಿದ್ದರು. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅವತ್ತು ಅಳು ಬಂತು. ಇವರು ಸ್ಕ್ರೂಡ್ರೈವರ್ ಕೆಳಗಿಳಿಸಿ ನನ್ನ ಕಡೆ ತಿರುಗಿ, ಈ ಕೆಲಸ ಶುರು ಮಾಡಿದಾಗಿನಿಂದ ಒಂದು ಕಾರಿಗೂ ಆಡದ ಮಾತು ಆಡಿದರು. "ತಗೊಳ್ಳೋಣ ಕಣೇ."

ಹೂಂ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಇವರ ಹೆಸರು ಉಳಿಯುತ್ತಿತ್ತು. ಕಾರು ಎಂದೋ ಒಂದು ದಿನ ರಸ್ತೆ ಮಧ್ಯೆ ನಿಂತರೆ ಹಣೆಬರಹ ಎಂದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಮೂವತ್ತು ವರ್ಷ ಕಾದು ಆಸೆಪಟ್ಟ ಮನುಷ್ಯನಿಗೆ ಗೊತ್ತಿದ್ದೂ ಗೊತ್ತಿದ್ದೂ ಮೋಸ ಮಾಡಲು ನನ್ನಿಂದಾಗಲಿಲ್ಲ. ಹತ್ತಿರ ಹೋಗಿ, ಡಾಕ್ಟರಿಗೆ ಕೇಳದಂತೆ ಇವರ ಮುಖಕ್ಕೆ ಮುಖ ಕೊಟ್ಟು ಹೇಳಿದೆ.

"ರೀ, ಸದ್ದಿದೆ."

ಇವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಸಿಟ್ಟು ಮಾಡಿಕೊಳ್ಳುತ್ತಾರೆ ಅಂದುಕೊಂಡೆ. ಮಾಡಿಕೊಳ್ಳಲಿಲ್ಲ.

"ಯಾವ ಥರ?"

"ಟಕಟಕ ಅಂತ. ಮುಂದಗಡೆಯಿಂದ. ಸ್ಟಾರ್ಟ್ ಆದ ತಕ್ಷಣ ಬಂತು, ನಾಲ್ಕು ಸೆಕೆಂಡಿಗೆ ನಿಂತ್ಹೋಯ್ತು."

"ಎಡಗಡೆನಾ, ಬಲಗಡೆನಾ?"

"ಎಡಗಡೆ."

"ಟೈಮಿಂಗ್ ಚೈನು" ಎಂದರು. ಎಂಜಿನ್ನಿನೊಳಗೆ ಆ ಚೈನು ಜಾರಲು ಪ್ಲಾಸ್ಟಿಕ್ ಪಟ್ಟಿಗಳಿರುತ್ತವೆ, ವಯಸ್ಸಾದರೆ ಪುಡಿಯಾಗುತ್ತವೆ. ಚೈನು ಒಂದು ಹಲ್ಲು ಹಾರಿದರೂ ಎಂಜಿನ್ ಮುಗಿಯಿತು. ಅದನ್ನೆಲ್ಲ ಡಾಕ್ಟರಿಗೆ ತಾವೇ ಬಿಡಿಸಿ ಹೇಳಿದರು. ಕೆಟ್ಟಿರುವುದು ಏನೆಂದು ಗೊತ್ತಾದ ಮೇಲೆ ಸರಿಮಾಡುವ ಕೈ ಇದ್ದೇ ಇದೆ ಎಂದು ಕಾರನ್ನು ಕೊಂಡದ್ದೂ ಆಯಿತು. ಡಾಕ್ಟರು ಕೀ ಕೊಡುತ್ತಾ ಇವರ ಬೆನ್ನು ತಟ್ಟಿ, "ಕಿವಿ ಅಂದ್ರೆ ಇದು ಕಿವಿ, ನೋಡಮ್ಮಾ!" ಎಂದು ನನಗೆ ಹೇಳಿದರು. ಇವರು ತಲೆ ತಗ್ಗಿಸಿದರು.

ಕಾರನ್ನು ಲಾರಿಯ ಮೇಲೆ ಏರಿಸಿ ಪರಿಚಯದ ಗ್ಯಾರೇಜಿಗೆ ಕಳಿಸಿ, ನಾವು ಬಸ್ಸಿನಲ್ಲಿ ಬಂದೆವು. ಅರ್ಧ ದಾರಿಯಲ್ಲಿ ಇವರು ಕೇಳಿದರು. "ನಿನಗೆ ಯಾವಾಗಿಂದ ಗೊತ್ತು?"

"ಒಂದು ವರ್ಷ ಆಗಿರ್ಬೇಕು."

"ನನಗೂ ಅಷ್ಟೇ" ಎಂದರು. "ಮೊದಮೊದ್ಲು ಕಿವೀಲಿ ಕೊಳೆ ಇರ್ಬೇಕು ಅಂದ್ಕೊಂಡೆ. ಆಮೇಲೆ, ಕೈಗೆ ಗೊತ್ತಾಗುತ್ತಲ್ಲ, ನಡುಕ ನೋಡಿ ಹೇಳ್ಬಹುದು ಅಂದ್ಕೊಂಡೆ. ನೀನ್ಯಾಕೆ ಹೇಳ್ಲಿಲ್ಲ?"

"ನೀವ್ಯಾಕೆ ಹೇಳ್ಲಿಲ್ಲ?"

ಇವರು ಕಿಟಕಿಯಾಚೆ ನೋಡುತ್ತಾ ಕೂತರು.

ಮೂರು ವಾರ ಗ್ಯಾರೇಜಿನಲ್ಲೇ ಇದ್ದು ಎಂಜಿನ್ ಬಿಚ್ಚಿ ಪಟ್ಟಿ ಬದಲಾಯಿಸಿದರು. ಕೈಗೆ ವಯಸ್ಸಾಗಿರಲಿಲ್ಲ. ನಾನು ಸೀಟಿನ ಹರಿದ ಹೊಲಿಗೆಗಳನ್ನು ದಪ್ಪ ದಾರದಲ್ಲಿ ಹೊಲಿದೆ. ಕೆಲಸ ಮುಗಿದ ದಿನ ಮೊದಲ ಸಲ ಸ್ಟಾರ್ಟ್ ಮಾಡುವಾಗ ನನ್ನನ್ನು ಕರೆದು ನಿಲ್ಲಿಸಿಕೊಂಡರು. ಸದ್ದಿಲ್ಲ ಎಂದೆ. ತಲೆಯಾಡಿಸಿದರು. ಖುಷಿಯಾಗಿ ಕುಣಿಯುತ್ತಾರೆ ಎಂದು ನೋಡಿದರೆ ಮನೆಗೆ ಬಂದು ಊಟಕ್ಕೆ ಕೂತು, ತಟ್ಟೆ ಮುಟ್ಟದೆ ಬೆರಳು ಮಡಿಸತೊಡಗಿದರು.

"ಬೇಕರಿಯವರದ್ದು ಒಂದು. ಆ ನರ್ಸಮ್ಮಂದು. ಅಣ್ಣತಮ್ಮ ಇಬ್ರು ಬಂದಿದ್ರಲ್ಲ, ಅವರದ್ದು. ಲೈಬ್ರರಿ ಮೇಡಂದು…"

"ಏನ್ರೀ ಅದು?"

"ಈ ಒಂದು ವರ್ಷದಲ್ಲಿ ನಾನು ನಿಮ್ಮಿಷ್ಟ ಅಂದಿದ್ದು. ಒಟ್ಟು ಒಂಬತ್ತು ಕಾರು. ಒಂದೂ ಸರಿಯಾಗಿ ಕೇಳಿಸ್ಕೊಂಡಿಲ್ಲ."

ಅದರಲ್ಲಿ ಐದು ಕಾರಿಗೆ ಕವರ್ ಹೊಲಿದವಳು ನಾನು. ಇವರ ಮಾನ ಕಾಪಾಡುತ್ತಿದ್ದೇನೆ ಎಂದು ವರ್ಷವಿಡೀ ಬೀಗುತ್ತಿದ್ದವಳಿಗೆ ಆ ಒಂಬತ್ತು ಮನೆಯವರ ನೆನಪೇ ಬಂದಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಯಾದಾಗ ನನಗೆ ಬರುವುದು ಸಿಟ್ಟು.

"ಯಾರೂ ಬಂದು ಕೇಳಿಲ್ಲ, ಯಾರೂ ಬೈದಿಲ್ಲ! ನೀವಾಗೇ ಹೋಗಿ ಹೇಳ್ಕೊಂಡ್ರೆ ನಾಳೆಯಿಂದ ಯಾವನು ಕಾರು ತೋರ್ಸೋಕೆ ಬರ್ತಾನೆ? ಇಷ್ಟು ವರ್ಷದ ಹೆಸರು ರೀ!"

ಇವರು ದನಿ ಏರಿಸಲಿಲ್ಲ. "ಹೆಸರೇ ನೋಡ್ಕೊಂಡು ಕೂತ್ರೆ ಹೇಗೆ? ಆ ಕಾರಲ್ಲಿ ಮಕ್ಕಳನ್ನ ಕೂರಿಸ್ಕೊಂಡು ಓಡಾಡ್ತಾರೆ ಕಣೇ" ಎಂದರು.

ನಾನು ಎದ್ದು ಹೋಗಿ ಕೈ ತೊಳೆದೆ.

ಭಾನುವಾರ ಹೊರಟೆವು. ಮೂವತ್ತು ವರ್ಷ ಕಾದ ಕಾರಿನಲ್ಲಿ ಮೊದಲ ಸವಾರಿ, ನಾನು ಪಕ್ಕದ ಸೀಟಿನಲ್ಲಿ. ದೊಡ್ಡ ರಸ್ತೆಗೆ ಬಂದ ಮೇಲೆ ಇವರು ಕಾಲನ್ನು ಒಂದಿಷ್ಟು ಒತ್ತಿದರು. ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತು, ಅಯ್ಯೋ ಎಂದು ಕಿರುಚಿಕೊಂಡೆ. ಇವರು ನಕ್ಕರು. ನಲವತ್ತು ಅಡಿಯ ಕಥೆಯನ್ನು ಅಷ್ಟು ಸಲ ಯಾಕೆ ಹೇಳಿದರು ಎಂದು ನನಗೆ ಅವತ್ತು ತಿಳಿಯಿತು. ಅದನ್ನು ಅವರಿಗೆ ಹೇಳಿದೆ ಕೂಡ, ಕೇಳಿಸಿತೋ ಇಲ್ಲವೋ.

ಬೇಕರಿಯ ಬೀದಿ ಇಕ್ಕಟ್ಟು. ಆ ಉದ್ದನೆಯ ನೀಲಿ ಕಾರು ಅಲ್ಲಿ ತಿರುಗಿ ನಿಲ್ಲುವ ಹೊತ್ತಿಗೆ ಎದುರು ಅಂಗಡಿಯವರು, ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದವರು, ಬ್ರೆಡ್ಡಿಗೆ ನಿಂತಿದ್ದವರು ಎಲ್ಲ ಇಣುಕಿದರು. ಬೇಕರಿಯವರು ಹಿಟ್ಟಿನ ಕೈಯಲ್ಲೇ ಓಡಿ ಬಂದರು.

"ಎಲಾ ಇವ್ರ! ಕೊನೆಗೂ ತಗೊಂಡ್ರಾ ಮೇಷ್ಟ್ರೇ? ನಮಗೆ ತೋರ್ಸೋಕೆ ಬಂದ್ರಾ? ಏಯ್, ಬನ್ರೋ ಎಲ್ಲ, ಕಿವಿ ಮೇಷ್ಟ್ರು ಕಾರು ತಂದವ್ರೆ!"

ಇವರು ಎಂಜಿನ್ ಆರಿಸಿ ಇಳಿದರು. ಜನ ಸುತ್ತ ಸೇರಿದರು. ಒಬ್ಬರು ಬಾಗಿಲು ಸವರಿದರು, ಒಬ್ಬರು ಒಳಗೆ ಬಗ್ಗಿ ನನ್ನನ್ನು ನೋಡಿ ನಮಸ್ಕಾರ ಹೇಳಿದರು. ಬೇಕರಿಯವರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿ ಎಂದು ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದೆ. ಇವರು ಕರೆದರು, ಅವರ ಹೆಗಲ ಮೇಲೆ ಕೈ ಇಟ್ಟರು, ಮೆಲ್ಲಗೇ ಹೇಳುತ್ತಿದ್ದೇನೆ ಅಂದುಕೊಂಡೇ ಹೇಳಿದರು.

"ನಿಮ್ಮ ಕಾರು ನೋಡಿದಾಗ ನನಗೆ ಕಿವಿ ಕೇಳಿಸ್ತಾ ಇರ್ಲಿಲ್ಲ. ನಿಮಗೆ ಹೇಳ್ಲಿಲ್ಲ, ತಪ್ಪಾಯ್ತು. ಇನ್ನೊಂದ್ಸಲ ಸ್ಟಾರ್ಟ್ ಮಾಡಿ. ನಮ್ಮನೆಯವಳು ಕೇಳಿ ಹೇಳ್ತಾಳೆ."

ಕಿವಿ ಮಂದವಾದವರಿಗೆ ತಮ್ಮ ದನಿ ಎಷ್ಟು ಜೋರೆಂದು ತಿಳಿಯುವುದಿಲ್ಲ. ಬೀದಿಗೆ ಬೀದಿಯೇ ಕೇಳಿಸಿಕೊಂಡಿತು.